ಸೋಮವಾರವೂ ಹಸಿರು ತೋರಿದ ಬೇಲಿ

ತಿಗನಾರೆಯ ಬೇಲಿ ಸಂಘದ ಕೋಣೆಗೆ ನಾನು ಮೊದಲ ಸಲ ಕಾಲಿಟ್ಟಾಗ ಕಂಪ್ಯೂಟರಿನ ಪರದೆಯ ಮೇಲೆ ಹಸಿರು ದೀಪಗಳು ಸಾಲಾಗಿ ಬೆಳಗುತ್ತಿದ್ದವು. ಕಾಡಂಚಿನ ಸೋಲಾರ್ ಬೇಲಿಯನ್ನು ತುಂಡುಗಳಾಗಿ ವಿಭಾಗಿಸಿ ಒಂದೊಂದು ತುಂಡಿಗೆ ಒಂದೊಂದು ದೀಪ ಕೊಟ್ಟಿದ್ದರು. ದೀಪ ಹಸಿರಾಗಿದ್ದರೆ ಆ ತುಂಡಿನ ತಂತಿಯಲ್ಲಿ ವಿದ್ಯುತ್ತಿದೆ ಎಂದು ಅರ್ಥ, ಕೆಂಪಾಗಿದ್ದರೆ ಇಲ್ಲ. ವರ್ಷದ ಹಿಂದೆ ಹೊಸ ಪ್ರೋಗ್ರಾಂ ಹಾಕಿದ ಮೇಲೆ ಕೆಂಪನ್ನು ಕಂಡವರು ಊರಿನಲ್ಲಿ ಯಾರೂ ಇರಲಿಲ್ಲ. ಅದನ್ನು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ನಾನು ಚಾಮರಾಜನಗರದ ಒಂದು ಅಂಗಡಿಯಲ್ಲಿ ಗಿರಣಿ, ಕಾರ್ಖಾನೆಗಳ ಹಳೆಯ ಕಂಪ್ಯೂಟರುಗಳನ್ನು ದುರಸ್ತಿ ಮಾಡುತ್ತೇನೆ. ದಿನವೂ ನನ್ನೂರು ಗೆಟ್ಟವಾಡಿಯಿಂದ ಬಸ್ಸು ಹತ್ತಿ ಹೋಗಿ ಬರುತ್ತೇನೆ. ಬೇಲಿ ಸಂಘದ ಕಾರ್ಯದರ್ಶಿ ನನ್ನ ಸೋದರಮಾವ. ಅಂಗಡಿಗೆ ರಜೆಯಿದ್ದ ಒಂದು ಸೋಮವಾರ ಅವರೇ ಬೈಕಿನಲ್ಲಿ ಬಂದು ನನ್ನನ್ನು ಕರೆದುಕೊಂಡು ಹೋದರು. ದಾರಿಯಲ್ಲಿ ಕೆಲಸವನ್ನು ವಿವರಿಸಿದರು. ಕೆಲವು ದಿನಗಳ ಹಿಂದೆ ಒಂದು ರಾತ್ರಿ ಆನೆಗಳು ಬೇಲಿ ದಾಟಿ ಮುಸುಕಿನ ಜೋಳದ ಹೊಲಗಳನ್ನು ತುಳಿದು ಹೋಗಿದ್ದವು. ಆ ಹೊತ್ತಿನಲ್ಲಿ ಬೇಲಿಯ ಎಲ್ಲ ತುಂಡುಗಳೂ ಸರಿಯಾಗಿದ್ದವೆಂದು ಯಂತ್ರ ದಾಖಲಿಸಿತ್ತು. ವಿದ್ಯುತ್ತಿರುವ ತಂತಿಯನ್ನು ಆನೆ ಮುಟ್ಟುವುದಿಲ್ಲ, ಆದ್ದರಿಂದ ಅವು ದನಗಳ ಗೇಟಿನಿಂದಲೇ ಬಂದಿರಬೇಕು. ಗೇಟಿನ ಬೀಗದ ಕೈ ಇರುವುದು ಬೇಲಿ ಕಾವಲುಗಾರನೊಬ್ಬನ ಹತ್ತಿರ. ಬೆಳಗ್ಗೆ ಹಳ್ಳದ ಪಕ್ಕದಲ್ಲಿ ತಂತಿ ಕಡಿದು ಬಿದ್ದಿದ್ದು ನಿಜ, ಆದರೆ ಅದು ಆನೆಗಳು ಮರಳಿ ಹೋಗುವಾಗ ಆದದ್ದು ಎಂದು ಸಂಘ ತೀರ್ಮಾನಿಸಿತ್ತು. ಮುಂದಿನ ಸೋಮವಾರದ ಸಭೆಯಲ್ಲಿ ಕಾವಲುಗಾರನನ್ನು ಕೆಲಸದಿಂದ ಬಿಡಿಸುವುದೆಂದೂ ಮಾತಾಗಿತ್ತು. ನಾನು ಮಾಡಬೇಕಾದದ್ದು ಇಷ್ಟೇ: ಯಂತ್ರದ ದಾಖಲೆಯನ್ನು ಕಾಗದಕ್ಕೆ ಇಳಿಸಿಕೊಡುವುದು.

ಒಬ್ಬ ಮನುಷ್ಯನ ಅನ್ನ ಕಸಿಯುವ ಕಾಗದವನ್ನು ಪರೀಕ್ಷಿಸದೆ ಮುದ್ರಿಸಿ ಕೊಡುವುದು ನನ್ನಿಂದಾಗದ ಕೆಲಸ. ಮಾವನಿಗೆ ಅದನ್ನು ದಾರಿಯಲ್ಲೇ ಹೇಳಿದೆ. ಅವರು ನಕ್ಕರು. ಚಿಕ್ಕಂದಿನಲ್ಲಿ ನಾನು ಹಬ್ಬದ ಹೋಳಿಗೆಯ ಪಾಲಿಗೂ ನ್ಯಾಯ ಕೇಳುತ್ತಿದ್ದೆನೆಂದು ನೆನಪಿಸಿದರು.

ಕೋಣೆಯಲ್ಲಿ ಯಂತ್ರದ ಮುಂದೆ ಕುಳಿತು ಸ್ವಲ್ಪ ಹೊತ್ತಾಗಿರಬೇಕು, ಹೊರಗೆ ಗಂಟೆಗಳ ಸದ್ದು ಕೇಳಿತು. ಕಿಟಕಿಯಿಂದ ನೋಡಿದೆ. ಊರವರು ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಬಳಿದು ಹೊಡೆದುಕೊಂಡು ಬರುತ್ತಿದ್ದರು. ಸೋಮವಾರ ನಮ್ಮ ಕಡೆ ಯಾರೂ ಉಳಲು ಏರು ಕಟ್ಟುವುದಿಲ್ಲ, ಅದು ಶಿವನ ದಿನ, ಬಸವಣ್ಣನಿಗೆ ಬಿಡುವು. ಬೇಲಿ ಬಂದ ಮೇಲೂ ಇಲ್ಲಿಯವರು ಅಂದಿನ ಬೆಳಗ್ಗೆ ಎತ್ತುಗಳನ್ನು ಬೇಲಿಯಾಚೆಯ ನೀರಿನ ಕಟ್ಟೆಗೆ, ಅದರ ದಡದ ಹುಲ್ಲಿಗೆ ಬಿಡುವುದನ್ನು ನಿಲ್ಲಿಸಿರಲಿಲ್ಲ. ಗೇಟಿನ ಬಳಿ ಖಾಕಿ ಅಂಗಿ ತೊಟ್ಟು ನಿಂತಿದ್ದ, ಐವತ್ತು ದಾಟಿದ ವ್ಯಕ್ತಿಯೇ ಕಾವಲುಗಾರನೆಂದು ಮಾವ ತೋರಿಸಿದರು. ಕಾವಲುಗಾರ ಕೋಣೆಯ ಹೊರಗೋಡೆಯ ಮೇಲಿನ ದೊಡ್ಡ ಸ್ವಿಚ್ಚನ್ನು ಕೆಳಕ್ಕೆ ಎಳೆದರು. ತಂತಿಗೆ ವಿದ್ಯುತ್ ಹಾಯಿಸುವ ಮಿಷನ್ನಿನ ಟಿಕ್ ಟಿಕ್ ಸದ್ದು ನಿಂತಿತು. ಎತ್ತುಗಳು ಸಾವಧಾನವಾಗಿ, ತಂತಿಗೆ ಮೂತಿ ಉಜ್ಜಿಕೊಳ್ಳುತ್ತಲೇ ಆಚೆಗೆ ದಾಟಿದವು.

ನಾನು ಹೊರಗೆ ಹೋಗಿ, ಹೀಗೆ ಬೇಲಿ ಆರಿಸಲು ಅಪ್ಪಣೆ ಇದೆಯೇ ಎಂದು ಕೇಳಿದೆ.

“ಬಸವಣ್ಣನ ಮೂತಿಗ ಕರೆಂಟು ಒಡುಸ್ಬೌದಾ ಕೂಸೇ?” ಎಂದರು ಕಾವಲುಗಾರ. “ಮಿಕ್ಕ ದಿಸ ಎತ್ತು ನಮ್ಗ ಆಳು. ಸ್ವಾಮಾರ ಒಂದಿನ ನಾವು ಅವುಕ್ಕ ಆಳು ಕಣ.”

ಒಳಗೆ ಬಂದು ಪರದೆಯತ್ತ ನೋಡಿದೆ. ಬೇಲಿ ಸತ್ತು ಮಲಗಿತ್ತು. ದೀಪಗಳು ಒಂದೂ ಬಿಡದೆ ಹಸಿರಾಗಿದ್ದವು.

ಸೋಮವಾರ ಆ ಹೊತ್ತಿನಲ್ಲಿ ಪರದೆಯ ಮುಂದೆ ಯಾರೂ ಕೂರುತ್ತಿರಲಿಲ್ಲ, ಮಾವನೂ ಇದನ್ನು ಮೊದಲ ಸಲ ನೋಡಿದರು. ಆಮೇಲೆ ಅವರು ಬಾಗಿಲು ಮುಚ್ಚಿದರು. ಬೇಲಿ ಕೊಟ್ಟ ಸಂಸ್ಥೆಯ ಷರತ್ತು ಅವರಿಗೆ ಬಾಯಿಪಾಠವಾಗಿತ್ತು: ಬೇಲಿಯನ್ನು ಯಾವ ಕಾರಣಕ್ಕೂ ಆರಿಸಕೂಡದು, ಆರಿಸಿದ್ದು ಗೊತ್ತಾದರೆ ಮಿಷನ್ನನ್ನು ವಾಪಸು ಒಯ್ಯುವ ಹಕ್ಕು ಸಂಸ್ಥೆಗಿದೆ. ಸೋಮವಾರದ ವಿಷಯ ಊರಿಗೆಲ್ಲ ಗೊತ್ತು, ಸಂಸ್ಥೆಗೆ ಮಾತ್ರ ಗೊತ್ತಿಲ್ಲ. ಯಂತ್ರ ಸುಳ್ಳು ಹೇಳುತ್ತಿದೆ ಎಂದು ತೋರಿಸಬೇಕಾದರೆ ಬೇಲಿ ಆರಿದ ಈ ಹೊತ್ತನ್ನೇ ತೋರಿಸಬೇಕು, ಅಂದರೆ ಊರು ತನ್ನ ಗುಟ್ಟನ್ನು ಬಿಚ್ಚಬೇಕು. ಬಿಚ್ಚದಿದ್ದರೆ ಕಾವಲುಗಾರ ಹೋಗಬೇಕು.

“ನೀ ಬಂದಿರದು ಪ್ರಿಂಟ್ ತಗಿಯಕ್ಕ, ಪಂಚಾಯ್ತಿ ಮಾಡಕ್ಕಲ್ಲ ಕನವ್ವ,” ಎಂದರು ಮಾವ. ದನಿಯಲ್ಲಿ ಕೋಪವಿರಲಿಲ್ಲ, ಬೇಡಿಕೆಯಿತ್ತು.

ಪ್ರೋಗ್ರಾಂ ಬರೆದ ಗುತ್ತಿಗೆದಾರರ ಕಚೇರಿಗೆ ಫೋನು ಮಾಡಿದೆ. ನಮ್ಮ ಊರುಗಳು ತಮಿಳು ಗಡಿಯೊಳಗಿರುವುದರಿಂದ ಕಚೇರಿಯೂ ಆ ಕಡೆಯದೇ, ಅಲ್ಲಿಯ ಎಂಜಿನಿಯರು ತಮಿಳಿನಲ್ಲಿ ಬಹಳ ಸೌಜನ್ಯದಿಂದ ಮಾತನಾಡಿದರು. ಹಳೆಯದಕ್ಕಿಂತ ಹೊಸ ಪ್ರೋಗ್ರಾಂ ಎಷ್ಟು ಮೇಲೆಂದು ವಿವರಿಸಿದರು. ಬೇಲಿ ಆರಿದಾಗಲೂ ಅದು ಹಸಿರು ತೋರಿಸುತ್ತಿದೆ ಎಂದಾಗ, ಹಾಗಾಗಲು ಸಾಧ್ಯವಿಲ್ಲ, ಪರದೆಯನ್ನು ಒಮ್ಮೆ ಒರೆಸಿ ನೋಡಿ ಎಂದರು. ನಾನು ಪರದೆ ಒರೆಸಲಿಲ್ಲ. ರಜೆ ಹಾಕಿ ಆ ವಾರವೆಲ್ಲ ತಿಗನಾರೆಯಲ್ಲಿ ಉಳಿದೆ.

ಆ ಯಂತ್ರದ ಒಳಗು ಓದುಗರಿಗೆ ತಿಳಿಯಬೇಕು, ಏಕೆಂದರೆ ಅನ್ಯಾಯ ನಡೆದದ್ದು ಅಲ್ಲಿ. ಬೇಲಿಯ ವೋಲ್ಟೇಜನ್ನು ಅಳೆಯುವುದು ಪೆಟ್ಟಿಗೆಯೊಳಗಿನ ಒಂದು ಕಾರ್ಡು. ಅಳೆದ ಸಂಖ್ಯೆಗಳನ್ನು ಅದು ತನ್ನದೇ ಪುಟ್ಟ ಸ್ಮೃತಿಯಲ್ಲಿ, ಅಂದರೆ ಮೆಮರಿಯಲ್ಲಿ, ಬರೆದಿಡುತ್ತದೆ. ಆ ಸ್ಮೃತಿ ಕಂಪ್ಯೂಟರಿನ ಒಂದು ನಿಗದಿತ ಭೌತಿಕ ವಿಳಾಸದಲ್ಲಿ, ಮೊದಲ ಮೆಗಾಬೈಟಿನ ಮೇಲ್ಭಾಗದಲ್ಲಿ, ಒಂದು ಕಿಟಕಿಯಂತೆ ಕಾಣಿಸುತ್ತದೆ. ಹಳೆಯ ಪ್ರೋಗ್ರಾಂ ನೇರವಾಗಿ ಆ ಕಿಟಕಿಯಲ್ಲಿ ಇಣುಕಿ ನೋಡುತ್ತಿತ್ತು. ಆ ಕಾಲದ ಪ್ರೋಗ್ರಾಂಗಳಿಗೆ ಯಾವ ಅಡ್ಡಿಯೂ ಇರಲಿಲ್ಲ, ಯಾರು ಬೇಕಾದರೂ ಎಲ್ಲಿ ಬೇಕಾದರೂ ನೋಡಬಹುದಿತ್ತು, ಕೆಡಿಸಲೂಬಹುದಿತ್ತು. ಹೊಸ ಪ್ರೋಗ್ರಾಂ ಪ್ರೊಟೆಕ್ಟೆಡ್ ಮೋಡಿನದು. ಅದರಲ್ಲಿ ಪ್ರತಿ ಪ್ರೋಗ್ರಾಮಿಗೂ ತನ್ನದೇ ಆವರಣ, ವಿಳಾಸಗಳ ಎಣಿಕೆಯೂ ಆ ಆವರಣದ ಬಾಗಿಲಿನಿಂದಲೇ ಆರಂಭ.

ನಮ್ಮ ರಸ್ತೆಗಳಲ್ಲಿ ಎರಡು ದಿಕ್ಕಿನ ಕಿಲೋಮೀಟರು ಕಲ್ಲುಗಳಿವೆ, ಚಾಮರಾಜನಗರದಿಂದ ಎಣಿಸಿದವು ಮತ್ತು ಸತ್ಯಮಂಗಲದಿಂದ ಎಣಿಸಿದವು. ಇಪ್ಪತ್ತನೆಯ ಕಲ್ಲಿನ ಹತ್ತಿರ ಇಳಿ ಎಂದು ಹೇಳಿದರೆ ಸಾಲದು, ಎಲ್ಲಿಂದ ಎಣಿಸಿದ ಇಪ್ಪತ್ತು ಎಂದೂ ಹೇಳಬೇಕು. ಗುತ್ತಿಗೆದಾರರು ಹಳೆಯ ಪ್ರೋಗ್ರಾಮಿನ ವಿಳಾಸವನ್ನು ಹಾಗೆಯೇ ಹೊಸದಕ್ಕೆ ನಕಲು ಮಾಡಿದ್ದರು. ಸಂಖ್ಯೆ ಅದೇ, ಎಣಿಕೆ ಶುರುವಾಗುವ ಊರು ಬೇರೆ. ಯಂತ್ರದ ಮೊದಲ ತುದಿಯಿಂದ ಎಣಿಸಬೇಕಾದದ್ದನ್ನು ಪ್ರೋಗ್ರಾಂ ತನ್ನ ಬಾಗಿಲಿನಿಂದ ಎಣಿಸಿಕೊಂಡು ಹೋಗಿ ತನ್ನದೇ ಮನೆಯ ಒಂದು ಗೂಡಿನಲ್ಲಿ ಕೈ ಹಾಕುತ್ತಿತ್ತು.

ಆ ಗೂಡಿನಲ್ಲಿ ಏನಿದೆ ಎಂದು ಹುಡುಕುವುದೇ ಎರಡು ದಿನದ ಕೆಲಸವಾಯಿತು. ಗುತ್ತಿಗೆದಾರರು ಅವಸರದಲ್ಲಿ ಮೂಲ ಪ್ರೋಗ್ರಾಮನ್ನೂ ಡಿಸ್ಕಿನಲ್ಲೇ ಬಿಟ್ಟುಹೋಗಿದ್ದುದರಿಂದ ಸಾಲು ಸಾಲಾಗಿ ಓದಲು ಸಾಧ್ಯವಾಯಿತು. ಯಂತ್ರ ಶುರುವಾದಾಗ ದೀಪಗಳೆಲ್ಲ ಸರಿಯಾಗಿ ಬೆಳಗುತ್ತವೆಯೇ ಎಂದು ಪರೀಕ್ಷಿಸಲು ಪ್ರೋಗ್ರಾಂ ತನ್ನೊಳಗೇ ಒಂದು ಕೋಷ್ಟಕ ತುಂಬಿಕೊಳ್ಳುತ್ತದೆ, ಎಲ್ಲವೂ ಆರೋಗ್ಯವಂತ ಬೇಲಿಯ ಸಂಖ್ಯೆಗಳು. ತಪ್ಪಾಗಿ ಎಣಿಸಿದ ವಿಳಾಸ ಹೋಗಿ ಮುಟ್ಟುತ್ತಿದ್ದದ್ದು ಆ ಕೋಷ್ಟಕವನ್ನು. ವರ್ಷವಿಡೀ ಅದು ತಾನೇ ಬರೆದದ್ದನ್ನು ತಾನೇ ಓದಿ, ಊರಿಗೆ ಅಭಯ ಕೊಡುತ್ತಿತ್ತು.

ಮಾವನನ್ನು ಕರೆದು ಕೂರಿಸಿ ಆ ಕೋಷ್ಟಕದ ಒಂದು ಸಂಖ್ಯೆಯನ್ನು ಸೊನ್ನೆ ಮಾಡಿದೆ. ಪರದೆಯ ಮೇಲೆ ಒಂದು ದೀಪ ಕೆಂಪಾಯಿತು. ಮಾವ ಗಾಬರಿಯಿಂದ ಎದ್ದರು.

“ಬೇಲಿ ಸತ್ತೋಯ್ತಾ?”

“ಇಲ್ಲ ಮಾವ. ಬೇಲಿಗ ಇದು ಗೊತ್ತೇ ಇಲ್ಲ.”

ಹೊರಗೆ ಮಿಷನ್ನು ಟಿಕ್ ಟಿಕ್ ಎನ್ನುತ್ತಲೇ ಇತ್ತು. ಅವರು ಕಿಟಕಿಯಾಚೆಯ ಮಿಷನ್ನನ್ನೂ ಪರದೆಯ ಮೇಲಿನ ಕೆಂಪನ್ನೂ ಹಲವು ಸಲ ನೋಡಿದರು. ಆಮೇಲೆ ನನಗೆ ಕಾಫಿ ತರಲು ಮನೆಗೆ ಹೋದರು.

ತಪ್ಪು ತಿಳಿದ ಮೇಲೆ ತಿದ್ದುವುದು ಸುಲಭವೆಂದುಕೊಂಡಿದ್ದೆ. ಪ್ರೊಟೆಕ್ಟೆಡ್ ಮೋಡಿನಲ್ಲಿ ಪ್ರೋಗ್ರಾಮಿಗೆ ಹೊರಗಿನ ವಿಳಾಸ ಬೇಕಾದರೆ ಮೇಲ್ವಿಚಾರಕ ತಂತ್ರಾಂಶವನ್ನು ಕೇಳಬೇಕು. ಭೌತಿಕ ವಿಳಾಸವನ್ನು ನಮ್ಮ ಕೈಗೆಟುಕುವ ವಿಳಾಸವಾಗಿ ಮಾಡಿಕೊಡುವ ಸೇವೆಯೊಂದು ಅದರಲ್ಲಿದೆ. ಕೇಳಿದೆ, ನಿರಾಕರಿಸಿತು. ಮತ್ತೆ ಮತ್ತೆ ಕೇಳಿದೆ. ಕೊನೆಗೆ ಕೈಪಿಡಿ ತೆರೆದಾಗ ಕಾರಣ ಸಿಕ್ಕಿತು. ಆ ಸೇವೆ ಮೊದಲ ಮೆಗಾಬೈಟಿನಿಂದಾಚೆಯ ವಿಳಾಸಗಳಿಗೆ ಮಾತ್ರ. ನಮ್ಮ ಕಾರ್ಡಿನ ಕಿಟಕಿ ಅದಕ್ಕಿಂತ ಕೆಳಗಿತ್ತು.

ಉಳಿದದ್ದು ಎರಡು ದಾರಿ. ಒಂದೇ ಸಾಲಿನಲ್ಲಿ ಆವರಣದ ಮಿತಿಯನ್ನು ಕಿತ್ತುಹಾಕಿ, ಪ್ರೋಗ್ರಾಮಿಗೆ ಇಡೀ ಸ್ಮೃತಿಯನ್ನು ತೆರೆದುಬಿಡುವುದು ಮೊದಲನೆಯದು. ಐದು ನಿಮಿಷದ ಕೆಲಸ, ಬಹಳ ಮಂದಿ ಹಾಗೆಯೇ ಮಾಡುತ್ತಾರೆ. ಆದರೆ ಎಲ್ಲವನ್ನೂ ಮುಟ್ಟಬಲ್ಲ ಪ್ರೋಗ್ರಾಂ ಒಂದು ತಪ್ಪು ಹೆಜ್ಜೆ ಇಟ್ಟರೆ ಏನನ್ನು ಕೆಡಿಸಿತೆಂದು ಯಾರೂ ಹೇಳಲಾರರು. ಎರಡನೆಯದು, ಸೆಲೆಕ್ಟರ್ ಎಂಬ ಒಂದು ಪ್ರತ್ಯೇಕ ಕೀಲಿಯನ್ನು ಬೇಡಿ ಪಡೆಯುವುದು. ಅದರ ಆರಂಭ ಕಾರ್ಡಿನ ಕಿಟಕಿಯ ಮೊದಲ ಅಂಚು, ಮಿತಿ ಅದರ ಕೊನೆಯ ಅಂಚು, ಹಕ್ಕು ಓದುವುದಕ್ಕೆ ಮಾತ್ರ. ನೋಡಬೇಕಾದಷ್ಟನ್ನು ನೋಡು, ಬರೆಯಬೇಡ, ಆಚೆ ಇಣುಕಬೇಡ. ಅಧಿಕಾರದಲ್ಲಿರುವ ಎಲ್ಲರಿಗೂ ಇಂಥದೇ ಒಂದು ಕೀಲಿ ಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಳ್ಳುತ್ತಾ ಅದನ್ನು ಬರೆದೆ.

ಚಾಲನೆ ಮಾಡಿದಾಗ ದೀಪಗಳು ಅರ್ಥವಿಲ್ಲದೆ ಕೆಂಪು, ಹಸಿರು ಬದಲಾಯಿಸತೊಡಗಿದವು. ಕಾವಲುಗಾರ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅಷ್ಟು ದಿನಗಳಲ್ಲಿ ನಾವಿಬ್ಬರೂ ಸ್ನೇಹಿತರಾಗಿದ್ದೆವು. ಬೇಲಿಯ ಗಸ್ತಿನಿಂದ ಬರುವಾಗ ನನಗೆಂದು ಎಳೆಯ ಸೌತೆಕಾಯಿ ತಂದು ಕೀಬೋರ್ಡಿನ ಮೇಲೆಯೇ ಇಡುತ್ತಿದ್ದರು.

“ಅಷ್ಟೊಂದು ಓದ್ಬುಟ್ಟು ಪೆಟ್ಟಿಗ ಬೆನ್ನು ಬಿಚ್ಕಂಡು ಕುಂತಿದ್ದಯಲ್ಲ ಕೂಸೇ. ಅದ್ಕೂ ಆನ ಇಡ್ದದ ಅನ್ಸುತ್ತ.”

ನಗು ಬಂದರೂ ನಗುವ ಸ್ಥಿತಿಯಲ್ಲಿರಲಿಲ್ಲ. ಸಭೆ ಹತ್ತಿರವಾಗಿತ್ತು. ಇಡೀ ಒಂದು ದಿನ ವ್ಯರ್ಥವಾದ ಮೇಲೆ ಹೊಳೆಯಿತು. ಯಂತ್ರ ಶುರುವಾಗುವಾಗ ಓಡುವ ಸ್ಮೃತಿ ನಿರ್ವಾಹಕವನ್ನೂ ಹೊಸ ಪ್ರೋಗ್ರಾಮಿನ ಜೊತೆಗೇ ಹಾಕಿದ್ದರು. ಖಾಲಿ ಇದೆಯೆಂದು ಭಾವಿಸಿದ ವಿಳಾಸಗಳಿಗೆ ಅದು ಬೇರೆ ಸ್ಮೃತಿಯನ್ನು ತಂದು ಕೂರಿಸಿ, ಇತರ ತಂತ್ರಾಂಶಗಳಿಗೆ ಬಾಡಿಗೆಗೆ ಕೊಡುತ್ತದೆ. ನಮ್ಮ ಕಾರ್ಡಿನ ಕಿಟಕಿಯ ಜಾಗವನ್ನೂ ಹಾಗೆ ಕೊಟ್ಟುಬಿಟ್ಟಿತ್ತು. ನನ್ನ ಕೀಲಿ ಸರಿಯಾದ ಬಾಗಿಲನ್ನೇ ತೆರೆದಿತ್ತು, ಒಳಗೆ ಬೇರೆಯವರು ಸಂಸಾರ ಹೂಡಿದ್ದರು. ಆರಂಭದ ಕಡತದಲ್ಲಿ ಆ ವಿಳಾಸಗಳನ್ನು ಬಿಟ್ಟುಬಿಡು ಎಂದು ಒಂದು ಸಾಲು ಸೇರಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡಿದೆ.

ದೀಪಗಳು ಹಸಿರಾದವು. ಹಳ್ಳದ ಪಕ್ಕದ ಒಂದು ತುಂಡು ಮಾತ್ರ ಕೆಂಪಾಗಿತ್ತು.

ಕಾವಲುಗಾರ ಪರದೆಯ ಹತ್ತಿರ ಬಂದು ಆ ದೀಪವನ್ನು ಬೆರಳಿನಿಂದ ಮುಟ್ಟಿದರು. ಆನೆಗಳು ಬಂದುಹೋದ ಮೇಲೆ ಆ ಜಾಗದಲ್ಲಿ ತಂತಿಯನ್ನು ಗಂಟು ಹಾಕಿ ಜೋಡಿಸಿದ್ದರು, ಆ ಗಂಟು ಸಡಿಲವಾಗಿತ್ತು. ಅಲ್ಲಿ ಬೇಲಿಗೆ ಬಲವಿಲ್ಲ, ಆನೆಗಳು ಅಲ್ಲಿಂದಲೇ ನುಗ್ಗುತ್ತವೆ ಎಂದು ಅವರು ಬಹಳ ಹಿಂದಿನಿಂದಲೂ ಸಂಘಕ್ಕೆ ಹೇಳುತ್ತಿದ್ದರಂತೆ. ಪ್ರತಿ ಸಲವೂ ಹಸಿರು ದೀಪ ತೋರಿಸಿ ಅವರ ಬಾಯಿ ಮುಚ್ಚಿಸಿದ್ದರು. ಕೊನೆಕೊನೆಗೆ ಅವರಿಗೂ ತಮ್ಮ ಮೇಲಿನ ನಂಬಿಕೆ ಹೋಗಿ, ದೀಪದ ಮೇಲೆ ಬಂದಿತ್ತು.

ಮಾವ ಬಂದ ಕೂಡಲೇ ಎಲ್ಲವನ್ನೂ ಹೇಳಿದೆ. ಅವರು ಒಂದು ರಾಜಿ ಮುಂದಿಟ್ಟರು. ಪ್ರೋಗ್ರಾಂ ಸರಿಯಾಯಿತಲ್ಲ, ಅಲ್ಲಿಗೆ ಬಿಡೋಣ. ಸೋಮವಾರದ ಮಾತು ಎತ್ತುವುದು ಬೇಡ. ಕಾವಲುಗಾರನನ್ನು ಬಿಡಿಸದೆ ಎಚ್ಚರಿಕೆ ಕೊಟ್ಟು ಉಳಿಸಿಕೊಳ್ಳುವಂತೆ ತಾವು ನೋಡಿಕೊಳ್ಳುವುದಾಗಿ ಹೇಳಿದರು.

ಮಾಡದ ತಪ್ಪಿಗೆ ಎಚ್ಚರಿಕೆ ಏಕೆ ಎಂದು ಕೇಳಿದೆ. ಆದರೆ ನನ್ನನ್ನು ನಿಜಕ್ಕೂ ತಡೆದದ್ದು ಕಾವಲುಗಾರನ ಮಾತು.

“ಬುಟ್ಬುಡು ಕೂಸೇ. ನಾ ಬೈಸ್ಕತ್ತೀನಿ. ಆ ವಿಚಾರ ಆಚ್ಗ ಬಂದ್ರ ಬಸವಣ್ಣನ ದಾರಿನೇ ಮುಚ್ಚಾಕ್ಬುಡ್ತರ. ನನ್ನಿಂದ ಎತ್ಗ ಕಟ್ಟ ತಪ್ಪೋಯ್ತು ಅನ್ನಸ್ಕಂಡು ನಾ ಹೆಂಗ ಊರೊಳ್ಗ ತಿರ್ಗಾಡ್ಲಿ?”

ತಾನೇ ಬಲಿಯಾಗಲು ಸಿದ್ಧನಾದ ಮನುಷ್ಯನ ಮುಂದೆ ನ್ಯಾಯದ ಭಾಷಣ ಮಾಡುವುದು ಹೇಗೆ? ಅವರ ಒಪ್ಪಿಗೆ ಇಲ್ಲದೆ ನಾನು ಬಾಯಿ ತೆರೆಯುವಂತಿರಲಿಲ್ಲ. ಬೇಲಿಯ ಉದ್ದಕ್ಕೂ ಅವರ ಜೊತೆ ನಡೆದೆ. ಕಟ್ಟೆಯ ಬಳಿ ಕುಳಿತೆವು. ನಾನು ಹೇಳಿದ್ದು ಇಷ್ಟು: ಬಚ್ಚಿಟ್ಟ ದಾರಿಯನ್ನು ಯಾರು ಬೇಕಾದರೂ ಒಂದು ದಿನ ಮುಚ್ಚಬಹುದು, ಬರೆದಿಟ್ಟ ದಾರಿಯನ್ನು ಮುಚ್ಚಲು ಕಾರಣ ಕೊಡಬೇಕಾಗುತ್ತದೆ. ಪ್ರೋಗ್ರಾಮಿಗೆ ಇನ್ನೊಂದು ಗುಂಡಿ ಸೇರಿಸುತ್ತೇನೆ. ಬೇಲಿ ಆರಿಸುವವರು ಅದನ್ನು ಒತ್ತಲಿ, ಹೊತ್ತು ಮತ್ತು ಹೆಸರು ದಾಖಲಾಗಲಿ. ಎತ್ತುಗಳು ಕಳ್ಳರಂತೆ ಏಕೆ ದಾಟಬೇಕು?

ಅವರು ಕಟ್ಟೆಯ ನೀರನ್ನು ನೋಡುತ್ತಾ ಹುಲ್ಲುಕಡ್ಡಿ ಜಗಿದರು. ಆಮೇಲೆ ಒಂದೇ ಷರತ್ತು ಹಾಕಿದರು. ಸಭೆಯಲ್ಲಿ ಸ್ವಿಚ್ಚು ಇಳಿಸುವುದು ತಾನೇ, ಬೇರೆ ಯಾರೂ ಅಲ್ಲ.

ಉಳಿದ ಸಮಯದಲ್ಲಿ ಆ ಗುಂಡಿಯ ಜೊತೆಗೆ ಹಳದಿ ದೀಪವನ್ನೂ ಸೇರಿಸಿದೆ. ಕಾರ್ಡು ಪ್ರತಿ ಅಳತೆಯ ಜೊತೆ ಒಂದು ಎಣಿಕೆಯನ್ನು ಒಂದೊಂದಾಗಿ ಹೆಚ್ಚಿಸುತ್ತದೆ. ಆ ಎಣಿಕೆ ನಿಂತರೆ ಹೊಸ ಸುದ್ದಿ ಬರುತ್ತಿಲ್ಲವೆಂದು ಅರ್ಥ, ಆಗ ದೀಪ ಹಳದಿಯಾಗಿ ‘ತಿಳಿಯದು’ ಎಂದು ತೋರಿಸಬೇಕು. ಗೊತ್ತಿಲ್ಲದಾಗ ಗೊತ್ತಿಲ್ಲ ಎನ್ನುವ ಯಂತ್ರವನ್ನು ಕಟ್ಟುವುದು ಕಷ್ಟದ ಕೆಲಸವಲ್ಲ. ಕಟ್ಟುವವರಿಗೆ ಆ ಮನಸ್ಸಿರಬೇಕು, ಅಷ್ಟೇ.

ಸೋಮವಾರ ಕೋಣೆಯೆದುರಿನ ಹುಣಸೆಮರದ ಕೆಳಗೆ ಸಭೆ ಸೇರಿತು. ಏರು ಕಟ್ಟದ ದಿನವಾದ್ದರಿಂದ ಊರಿನ ಹೆಚ್ಚಿನವರೆಲ್ಲ ಇದ್ದರು. ದಾಖಲೆಯ ಪ್ರತಿ ಪಡೆಯಲೆಂದು ಬೇಲಿ ಕೊಟ್ಟ ಸಂಸ್ಥೆಯ ಮೇಲ್ವಿಚಾರಕರನ್ನೂ ಮಾವ ಮೊದಲೇ ಕರೆಸಿದ್ದರು. ಪರದೆಯನ್ನು ಜಗಲಿಗೆ ತಂದಿಟ್ಟೆ. ಮೊದಲು ಗುತ್ತಿಗೆದಾರರ ತಿದ್ದದ ಪ್ರೋಗ್ರಾಂ ಚಾಲೂ ಮಾಡಿದೆ. ಕಾವಲುಗಾರ ಎಲ್ಲರ ಮುಂದೆ ಸ್ವಿಚ್ಚು ಇಳಿಸಿದರು. ಟಿಕ್ ಟಿಕ್ ನಿಂತಿತು, ದೀಪಗಳು ಹಸಿರಾಗಿಯೇ ಇದ್ದವು. ನಂತರ ತಿದ್ದಿದ ಪ್ರೋಗ್ರಾಂ ಹಾಕಿದೆ. ಪರದೆಯ ಈ ತುದಿಯಿಂದ ಆ ತುದಿಗೆ ಕೆಂಪು ಹರಡಿತು. ವರ್ಷದ ನಂತರ ಊರು ಮೊದಲ ಸಲ ಕೆಂಪನ್ನು ಕಂಡಿತು.

ಎಲ್ಲರಿಗೂ ಅರ್ಥವಾಯಿತು. ಅಷ್ಟರಲ್ಲಿ ಗೇಟಿನ ಬಳಿ ಗಂಟೆಗಳ ಸದ್ದಾಯಿತು. ಸ್ವಿಚ್ಚು ಇಳಿದ ಸದ್ದಿಗೆ ಕಿವಿಗೊಟ್ಟು ರೂಢಿಯಾಗಿದ್ದ ಎತ್ತುಗಳು ಯಾರ ಅಪ್ಪಣೆಗೂ ಕಾಯದೆ, ತಾವೇ ಎದ್ದು ಬಂದು ಗೇಟಿನ ಮುಂದೆ ಸಾಲಾಗಿ ನಿಂತುಬಿಟ್ಟಿದ್ದವು. ಊರಿನ ಗುಟ್ಟನ್ನು ಅವು ನಮಗಿಂತ ಮೊದಲೇ ಬಿಚ್ಚಿದವು.

ಮೇಲ್ವಿಚಾರಕರು ಆ ಸಾಲನ್ನು ನೋಡಿದರು. ಬೇಲಿ ಆರಿಸಲು ಅಪ್ಪಣೆ ಕೊಟ್ಟವರು ಯಾರು ಎಂದು ಕೇಳಿದರು.

ಕಾವಲುಗಾರ ಎದ್ದು ನಿಂತರು. ಅವರು ಬಾಯಿ ತೆರೆಯುವ ಮುನ್ನ ನನ್ನ ಮಾವ ಅವರ ಭುಜದ ಮೇಲೆ ಕೈಯಿಟ್ಟು ಕೂರಿಸಿದರು.

“ಅವ್ನಲ್ಲ ಸಾರ್. ನಾವು. ಎತ್ತಿರೋ ಮನಗಳೆಲ್ಲ ಸೇರಿ ಯೋಳಿದ್ದು, ಅವ್ನು ಮಾಡ್ದ. ಬೇಲಿ ಕೆಟ್ಟದ ಅಂತನೂ ಅವ್ನು ಯೋಳ್ದ, ನಾವು ಕೇಳ್ನಿಲ್ಲ. ಬರ್ಕೊಳಿ, ಮೊದ್ಲು ನನ್ ಹೆಸ್ರು ಬರ್ಕೊಳಿ.”

ನಾನು ಈ ಬೆಟ್ಟಗಳ ಜನರನ್ನು ಪ್ರೀತಿಸುವುದು ಇಂಥ ಗಳಿಗೆಗಳಿಗಾಗಿ. ಒಪ್ಪಿಕೊಳ್ಳಲು ತಡ ಮಾಡುತ್ತಾರೆ, ಆದರೆ ಒಪ್ಪಿಕೊಂಡ ಮೇಲೆ ಅರ್ಧ ಒಪ್ಪುವುದಿಲ್ಲ. ಒಬ್ಬರಾದ ಮೇಲೆ ಒಬ್ಬರು ಎದ್ದು ತಮ್ಮ ಹೆಸರು ಹೇಳಿದರು.

ಮೇಲ್ವಿಚಾರಕರು ಬಹಳ ಹೊತ್ತು ಗುಂಡಿ, ಹಳದಿ ದೀಪಗಳನ್ನೆಲ್ಲ ಪರೀಕ್ಷಿಸಿದರು. ಬೇಲಿ ಆರಿಸಿರುವಷ್ಟು ಹೊತ್ತು ಗೇಟಿನಲ್ಲಿ ಒಬ್ಬರು ನಿಂತಿರಬೇಕು, ಹೆಸರು ದಾಖಲಾಗಬೇಕು, ಹಾಗಿದ್ದರೆ ಸೋಮವಾರದ ದಾರಿ ಇರಲಿ ಎಂದರು. ಕಾವಲುಗಾರನ ಮೇಲಿನ ಆರೋಪವನ್ನು ಸಂಘ ಅಲ್ಲಿಯೇ ಕೈಬಿಟ್ಟಿತು. ಸಭೆಯ ಕಲಾಪ ಮುಗಿಯುವವರೆಗೂ ಎತ್ತುಗಳು ಕಾಯಬೇಕಾದದ್ದೊಂದೇ ಆ ದಿನದ ಅನ್ಯಾಯ.

ಗುತ್ತಿಗೆದಾರರ ವಿಷಯ ಇನ್ನೂ ಮುಗಿದಿಲ್ಲ. ತಿದ್ದಿದ ಪ್ರೋಗ್ರಾಂ ಕಳಿಸಿ, ನಮ್ಮ ಮುಂದಿನ ಆವೃತ್ತಿಯಲ್ಲಿ ಸೇರಿಸಿಕೊಳ್ಳುತ್ತೇವೆ ಎಂದು ಎಂಜಿನಿಯರು ಅದೇ ಸೌಜನ್ಯದಿಂದ ಹೇಳಿದರು. ತಪ್ಪು ತಮ್ಮದೆಂದು ಬರೆದು ಕೊಡಿ, ಇದೇ ಪ್ರೋಗ್ರಾಂ ಹಾಕಿರುವ ಬೇರೆ ಊರುಗಳಿಗೂ ತಿಳಿಸಿ ಎಂದು ಕೇಳಿದೆ. ಫೋನು ಇಟ್ಟರು. ಒಂದು ವಿಳಾಸವನ್ನು ಎಲ್ಲಿಂದ ಎಣಿಸಬೇಕೆಂದು ನೋಡದೆ ಬರೆದವರು, ಬೇಲಿಯನ್ನು ಒಮ್ಮೆಯೂ ಆರಿಸಿ ಪರೀಕ್ಷಿಸದೆ ಒಪ್ಪಿಸಿಹೋದವರು, ಒಬ್ಬ ಮನುಷ್ಯನನ್ನು ಅಪರಾಧಿ ಮಾಡಿದ ಮೇಲೂ ಉತ್ತರ ಕೊಡುವ ಹೊಣೆಯಿಂದ ಹೊರಗುಳಿಯಬಹುದೇ? ಅವರು ಬರೆದು ಕೊಡುವವರೆಗೂ ನಾನು ಕೇಳುತ್ತಲೇ ಇರುತ್ತೇನೆ. ಈಗ ನನ್ನ ಜೊತೆ ಮಾವನೂ ಕೇಳುತ್ತಿದ್ದಾರೆ, ಅದೂ ತಮಿಳಿನಲ್ಲಿ, ನನಗಿಂತ ಜೋರಾಗಿ.

ಅದರ ಮುಂದಿನ ಸೋಮವಾರ ಬೆಳಗ್ಗೆ ನಾನು ತಿಗನಾರೆಗೆ ಹೋಗಿದ್ದೆ. ಕಾವಲುಗಾರ ಕೈ ತೊಳೆದು, ಅಂಗಿಗೆ ಒರೆಸಿಕೊಂಡು, ಕೋಣೆಯೊಳಗೆ ಬಂದು ಗುಂಡಿ ಒತ್ತಿದರು. ಯಂತ್ರ ಅವರ ಹೆಸರು ಕೇಳಿತು. ನಿಧಾನವಾಗಿ ಒಂದೊಂದೇ ಅಕ್ಷರ ಹುಡುಕಿ ತಮ್ಮ ಹೆಸರನ್ನು ಬರೆದರು. ಆಮೇಲೆ ಹೋಗಿ ಸ್ವಿಚ್ಚು ಇಳಿಸಿದರು. ಎತ್ತುಗಳು ದಾಟತೊಡಗಿದವು. ಅವರು ಮಾತ್ರ ಗೇಟು ಬಿಡದೆ, ಕಿಟಕಿಯ ಕಡೆಗೆ ಕತ್ತು ಚಾಚಿ ಕೇಳಿದರು.

“ಕೆಂಪು ಬಂತಾ ಕೂಸೇ?”

ಬಂತು ಎಂದೆ.

“ಅಂಗಾದ್ರ ಇನ್ನ ಅಸ್ರು ತೋರ್ಸುದ್ರೂ ನಂಬ್ಬೌದು ಬುಡು,” ಎಂದು, ಹಿಂದುಳಿದಿದ್ದ ಒಂದು ಮುದಿ ಎತ್ತಿನ ಬೆನ್ನು ತಟ್ಟಿ ಆಚೆಗೆ ದಾಟಿಸಿದರು.